ಕೋಳಿ ಒಲ್ಲೆಂದ ಜಾಗ

ಸತ್ತ ಕೋಳಿ ಬಿದ್ದಿರಬೇಕು ತಾನೆ? ನಮ್ಮದು ಕುಳಿತಿತ್ತು.

ಬೆಳಿಗ್ಗೆ ಆರೂವರೆ. ಗೂಡಿನ ಚಿಲಕ ತೆಗೆದು "ಬಾ ಬಾ" ಎಂದು ಕರೆದೆ. ಹುಂಜ ಹಾರಿ ಹೊರಗೆ ಬಂತು. ಹಿಂದೆಯೇ ನಾಲ್ಕು ಹೇಂಟೆ ಬಂದವು. ಬಿಳಿ ಹೇಂಟೆ ಮಾತ್ರ ಒಳಗೆ ಮೂಲೆಯಲ್ಲಿ, ಕಾವಿಗೆ ಕೂತ ಹಾಗೆ ರೆಕ್ಕೆ ಅಗಲಿಸಿ ಕುಳಿತೇ ಇತ್ತು. ಕಣ್ಣು ತೆರೆದಿತ್ತು. ನನ್ನನ್ನೇ ನೋಡುತ್ತಿದೆ ಅನ್ನಿಸಿತು. "ಏನವ್ವಾ, ಇನ್ನೂ ನಿದ್ದೀನಾ?" ಎಂದು ಕೈ ಹಾಕಿ ಎತ್ತಿದೆ. ಕಟ್ಟಿಗೆಯ ಹಾಗೆ ಸೆಟೆದಿತ್ತು. ಕೂತ ಭಂಗಿಯಲ್ಲೇ ನನ್ನ ಕೈಗೆ ಬಂತು.

ರಕ್ತವಿಲ್ಲ. ಗಾಯವಿಲ್ಲ. ಒಂದು ಪುಕ್ಕ ಕೂಡ ಉದುರಿರಲಿಲ್ಲ. ಓಣಿಯಲ್ಲಿ ಬೆಕ್ಕು ಹಾದುಹೋದರೆ ಊರೆಲ್ಲ ಎಬ್ಬಿಸುವ ಜಾತಿ ಇದು. ಗೂಡಿನಿಂದ ಹತ್ತು ಮಾರು ದೂರದಲ್ಲಿ ಕಿಟಕಿ ತೆರೆದು ಮಲಗಿದ್ದ ನಮಗೆ ಒಂದು ಸದ್ದೂ ಕೇಳಿಸಿರಲಿಲ್ಲ. ಪಕ್ಕದಲ್ಲೇ ಇದ್ದ ಐದು ಕೋಳಿಗಳೂ ಬಾಯಿ ಬಿಟ್ಟಿರಲಿಲ್ಲ. ಅಂದರೆ ಅವಕ್ಕೂ ಗೊತ್ತಾಗಿರಲಿಲ್ಲವೇ?

ಮೊದಲಿನಿಂದ ಹೇಳುತ್ತೇನೆ.

ಲಿಂಗಸುಗೂರಿನಿಂದ ಸಿಂಧನೂರಿಗೆ ನಾವು ಬಂದು ಆರು ತಿಂಗಳಾಯಿತು. ನಮ್ಮನೆಯವರು ಕಾಲುವೆ ಆಫೀಸಿನಲ್ಲಿ ಗುಮಾಸ್ತರು. ನಾನು ಹುಡುಗಿಯರ ಹೈಸ್ಕೂಲಿನಲ್ಲಿ ಸೈನ್ಸ್ ಟೀಚರ್. (ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ನೀವು ನನ್ನನ್ನು ಬಯ್ಯಲು ಬೇಕಾಗುತ್ತದೆ.) ಊರಿನ ಹಳೇ ಭಾಗದಲ್ಲಿ ಬಾಡಿಗೆ ಮನೆ ಸಿಕ್ಕಿತು. ಮನೆ ಸಣ್ಣದು, ಹಿತ್ತಲು ದೊಡ್ಡದು. ದೊಡ್ಡ ಹಿತ್ತಲು ಕಂಡರೆ ನನಗೆ ತಲೆ ನಿಲ್ಲುವುದಿಲ್ಲ. ಆರು ಜವಾರಿ ಕೋಳಿ ಸಾಕೋಣ ಎಂದೆ. ದಿನಾ ನಾಲ್ಕು ತತ್ತಿ ಸಿಕ್ಕರೆ ಬೇಡವೇ?

ಮನೆಯ ಒಡತಿ ಗಿರಿಜಮ್ಮ ಪಕ್ಕದ ಮನೆಯಲ್ಲೇ ಇರುತ್ತಾರೆ. ಅವರು ಕೋಳಿ, ತತ್ತಿ ಮುಟ್ಟುವವರಲ್ಲ. ಆದರೂ ದೊಡ್ಡ ಮನಸ್ಸು ಮಾಡಿ ಒಪ್ಪಿದರು.

"ಸಾಕ್ರಿ ಟೀಚರ್ರ. ಆದ್ರ ಒಂದ ಮಾತು. ಅವು ನಮ್ಮ ಅಂಗಳಕ್ಕ ಬರಬಾರದು. ಗಟ್ಟಿ ಗೂಡು ಮಾಡಿ ಒಳಗ ಹಾಕ್ರಿ."

ಕೋಳಿ ಗೂಡು ಆರಿಸುವುದು ಸೀರೆ ಆರಿಸಿದಷ್ಟು ಸುಲಭ ಅಂದುಕೊಂಡಿದ್ದೆ. (ಸೀರೆ ಆರಿಸುವುದು ಸುಲಭ ಅಂತ ಯಾರು ಹೇಳಿದರು ಎಂದು ನಮ್ಮನೆಯವರು ಕೇಳುತ್ತಾರೆ. ಅವರ ಮಾತು ಬಿಡಿ.) ಬಿದಿರಿನ ಬುಟ್ಟಿ ಬೋರಲು ಹಾಕಿ ಮೇಲೊಂದು ಕಲ್ಲು ಹೇರುವುದು ಎಲ್ಲಕ್ಕಿಂತ ಅಗ್ಗ. ಆದರೆ ಬುಟ್ಟಿಯನ್ನು ನಾಯಿ ಉರುಳಿಸುತ್ತದೆ. ಆಫೀಸಿನಲ್ಲಿ ಬಿದ್ದಿರುವ ಹಳೇ ಪ್ಯಾಕಿಂಗ್ ಪೆಟ್ಟಿಗೆಗೆ ನಾಲ್ಕು ಕಾಲು ಹಚ್ಚಿಸಿ, ಎದುರಿಗೆ ಜಾಲರಿ ಬಡಿದರೆ ಸಾಕು ಎಂದು ನಮ್ಮನೆಯವರು ಹೇಳಿದರು. ರೇಡಿಯೋದ ಕೃಷಿ ಕಾರ್ಯಕ್ರಮದಲ್ಲೂ ಅದನ್ನೇ ಹೇಳಿದ್ದರಂತೆ, ನೆಲದಿಂದ ಎರಡು ಅಡಿ ಮೇಲಿರಲಿ ಅಂತ. ಗಂಡ ಮತ್ತು ರೇಡಿಯೋ ಒಂದೇ ಮಾತು ಹೇಳಿದರೆ ನನಗೆ ಅನುಮಾನ ಬರುತ್ತದೆ. ನಾನು ಇಟ್ಟಿಗೆ ಗೂಡೇ ಆಗಬೇಕು ಎಂದೆ. ಮುಂಗುಸಿ ಬರಬಾರದು, ಹಾವು ಬರಬಾರದು, ಕಳ್ಳ ಬರಬಾರದು.

ಕೋಳಿ ಕೊಟ್ಟವಳು ಖಾಸಿಂಬಿ. ಮಸ್ಕಿ ಕಡೆಯ ಸಂತೆಕಲ್ಲೂರಿನವಳು. ವಾರಕ್ಕೊಮ್ಮೆ ಸಂತೆಗೆ ಬುಟ್ಟಿ ತುಂಬ ಕೋಳಿ ಹೊತ್ತುಕೊಂಡು ಬಸ್ಸಿನಲ್ಲಿ ಬರುತ್ತಾಳೆ. ಅರವತ್ತು ದಾಟಿದೆ, ನಾಲಿಗೆ ಇಪ್ಪತ್ತರದು.

"ಅಕ್ಕಾರ, ಗೂಡು ಯಾವುದರ ಮಾಡ್ರಿ. ಖರೇ ಜಾಗಾ ನೀವು ಆರಿಸಬ್ಯಾಡ್ರಿ. ಪಯಲಾ ದಿನ ಸಂಜಿಕ ಹಿತ್ತಲದಾಗ ಬಿಡ್ರಿ. ಅವು ಎಲ್ಲಿ ಹೋಗಿ ಕುಂದರ್ತಾವೋ ಅಲ್ಲೇ ಗೂಡು ಹಾಕ್ರಿ. ನಮ್ಮ ಕಡಿ ಹಂಗ ಮಾಡೋದು."

"ಕೋಳಿಗೇನು ಗೊತ್ತಾಗ್ತೈತಿ ಖಾಸಿಂಬಿ?"

"ಹೌದು ಬಿಡ್ರಿ. ನಿಮ್ಮಂಗ ಸಾಲಿ ಕಲ್ತಿಲ್ಲ ಅವು."

ಜಾಗ ನಾನು ಆಗಲೇ ನೋಡಿಟ್ಟಿದ್ದೆ. ಹಿತ್ತಲ ನಡುವೆ, ಬೇವಿನ ನೆರಳಿನಲ್ಲಿ, ನೆಲಕ್ಕೆ ಸಮವಾಗಿ ಒಂದು ದೊಡ್ಡ ಹಾಸುಬಂಡೆ ಇತ್ತು. ನೆಲ ಮಾಡಿಸುವ ಖರ್ಚಿಲ್ಲ. ಸಾರಿಸಿದರೆ ಸಾಕು. ಅದಕ್ಕಿಂತ ಹೆಚ್ಚಾಗಿ ಆ ಬಂಡೆ ತಂಪಾಗಿತ್ತು. ಸಿಂಧನೂರಿನ ಬೇಸಿಗೆಯಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಬರಿಗಾಲಿನಲ್ಲಿ ನಿಂತರೂ ತಂಪು! ಯಾಕೆ ತಂಪು ಎಂದು ಕೇಳುವ ಬುದ್ಧಿ ಬರಲಿಲ್ಲ. ಪುಕ್ಕಟೆ ಸಿಕ್ಕ ಸುಖಕ್ಕೆ ಯಾರು ಕಾರಣ ಕೇಳುತ್ತಾರೆ?

ಆದರೂ ತಮಾಷೆಗೆ ಅಂತ ಮೊದಲ ಸಂಜೆ ಕೋಳಿಗಳನ್ನು ಬಿಟ್ಟೆ. ಅವು ಹಿತ್ತಲೆಲ್ಲ ಸುತ್ತಿದವು. ಕೆದರಿದವು. ಬಂಡೆಯ ಅಂಚಿಗೆ ಬಂದಾಗ ಮಾತ್ರ ಬಳಸಿಕೊಂಡು ಹೋದವು. ಒಂದು ಹಿಡಿ ಜೋಳ ಬಂಡೆಯ ಮೇಲೆ ಚೆಲ್ಲಿದೆ. ಕಾಲು ಹೊರಗಿಟ್ಟು, ಕತ್ತು ಉದ್ದ ಮಾಡಿ, ಅಂಚಿನ ಕಾಳಷ್ಟನ್ನು ಹೆಕ್ಕಿದವು. ನಡುವಿನ ಕಾಳು ಮರುದಿನ ಬೆಳಿಗ್ಗೆಯೂ ಹಾಗೇ ಇದ್ದವು. ಕತ್ತಲಾಗುವ ಮೊದಲು ಆರೂ ಕೋಳಿ ದೂರದ ಮೂಲೆಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸಾಲಾಗಿ ಕುಳಿತವು. ಎಲ್ಲದರ ಮುಖವೂ ಬಂಡೆಯ ಕಡೆಗೇ ಇತ್ತು.

ನನಗೆ ನಗು ಬಂತು. ಆದರೆ ಪೂರ್ತಿ ಬರಲಿಲ್ಲ.

ಗೌಂಡಿ ಹನುಮಂತ ಎರಡು ದಿನದಲ್ಲಿ ಗೂಡು ಕಟ್ಟಿದ. ಸೊಂಟದೆತ್ತರದ ನಾಲ್ಕು ಗೋಡೆ, ಮೇಲೆ ತಗಡು, ಒಳಗೆ ಕೋಳಿ ಕೂರಲು ಅಡ್ಡ ಒಂದು ಕೋಲು, ಎದುರಿಗೆ ಹಲಗೆಯ ಪುಟ್ಟ ಬಾಗಿಲು. ನೆಲದ ಬಂಡೆಯಲ್ಲಿ ಬೆರಳು ತೂರುವಷ್ಟು ಬಿರುಕಿತ್ತು. ಸಿಮೆಂಟ್ ಹಾಕಲೇ ಎಂದು ಕೇಳಿದ. ಬೇಡಪ್ಪ, ತೊಳೆದ ನೀರು ಇಂಗಲಿ ಎಂದೆ. ಹೋಗುವಾಗ ಒಂದು ಮಾತು ಹೇಳಿದ.

"ಬುಡಕ ನಾಕು ಕಿಂಡಿ ಬಿಟ್ಟೀನ್ರಿ ಟೀಚರ್ರ. ಮುಚ್ಚಬ್ಯಾಡ್ರಿ. ಉಸುರಾಡಾಕ ಬೇಕು."

ಕಿಂಡಿಯಿಂದ ಹಾವು ಬರುವುದಿಲ್ಲವೇ? ಅವನು ಓಣಿ ದಾಟುವುದರೊಳಗೆ ನಾಲ್ಕಕ್ಕೂ ಹಳೇ ಬಟ್ಟೆ ತುರುಕಿ, ಉಳಿದ ಸಿಮೆಂಟ್ ಮೆತ್ತಿದೆ. ನನ್ನಷ್ಟು ಹುಷಾರಿ ಹೆಂಗಸು ಜಿಲ್ಲೆಯಲ್ಲೇ ಇಲ್ಲ ಎಂದು ಕೈ ತೊಳೆದುಕೊಂಡೆ.

ಕೋಳಿಗಳು ತಾವಾಗಿ ಒಳಗೆ ಹೋಗಲಿಲ್ಲ. ಒಂದೊಂದನ್ನೇ ಹಿಡಿದು ತಳ್ಳಬೇಕಾಯಿತು. ಬಿಳಿ ಹೇಂಟೆ ಬಾಗಿಲ ಚೌಕಟ್ಟನ್ನು ಎರಡೂ ಕಾಲಿನಿಂದ ಹಿಡಿದುಕೊಂಡಿತು. ಉಗುರು ಬಿಡಿಸಿ, ಬಯ್ದು, ಒಳಗೆ ದೂಡಿದೆ. ಈಗ ನೆನೆದರೆ ನನ್ನ ಕೈಯನ್ನು ನಾನೇ ನೋಡಲಾರೆ.

ಮರುದಿನ ಬೆಳಿಗ್ಗೆಯ ಕಥೆ ಮೊದಲೇ ಹೇಳಿದೆ.

ಎರಡನೆಯ ಬೆಳಿಗ್ಗೆ ಕರಿ ಹೇಂಟೆ. ಅದೂ ಕುಳಿತೇ ಇತ್ತು. ಮೂರನೆಯ ಬೆಳಿಗ್ಗೆ ಚುಕ್ಕಿ ಹೇಂಟೆ. ಕೊಕ್ಕು ಬಂಡೆಗೆ ತಾಗಿತ್ತು, ನೀರು ಕುಡಿಯಲು ಬಗ್ಗಿದ ಹಾಗೆ. ಕೋಲಿನ ಮೇಲೆ ಕೂತಿದ್ದ ಹುಂಜ ಮತ್ತು ಎರಡು ಹೇಂಟೆ ಹೊರಬಂದವು. ಆದರೆ ಹುಂಜ ಆ ದಿನ ಕೂಗಲಿಲ್ಲ.

ರೋಗವೇ? ಜೊಲ್ಲಿಲ್ಲ, ಭೇದಿಯಿಲ್ಲ, ಹಿಂದಿನ ಸಂಜೆ ಗಂಟಲು ತುಂಬ ತಿಂದಿದ್ದವು. ಹಾವೇ? ಕಡಿದ ಗುರುತಿಲ್ಲ. ಹಾವು ದಿನಕ್ಕೊಂದು ಅಂತ ಲೆಕ್ಕ ಹಾಕಿ ಕಡಿಯುತ್ತದೆಯೇ? ಗೋಡೆಯಾಚೆಯಿಂದ ಗಿರಿಜಮ್ಮ ಎಲ್ಲ ಕೇಳಿಸಿಕೊಂಡರು.

"ಪೀಡೆ ಐತ್ರಿ ಅದು. ಧೂಪ ಹಾಕ್ರಿ."

ಅವತ್ತು ಇಡೀ ದಿನ ಗೂಡಿನ ಬಾಗಿಲು ಮುಚ್ಚಿಯೇ ಇಟ್ಟಿದ್ದೆ. ಶಾಲೆಯಿಂದ ಬಂದು, ಇನ್ನೂ ಬಿಸಿಲಿರುವಾಗಲೇ, ಕಬ್ಬಿಣದ ಸೌಟಿನಲ್ಲಿ ಕೆಂಡ ತುಂಬಿ ಧೂಪ ಉದುರಿಸಿದೆ. ಕೆಂಡ ನಿಗಿನಿಗಿ ಇತ್ತು. ಹೊಗೆ ನೆಟ್ಟಗೆ ಏಳುತ್ತಿತ್ತು. ಬಾಗಿಲನ್ನು ಒಂದಿಷ್ಟೇ ಸರಿಸಿ ಸೌಟನ್ನು ಬಂಡೆಯ ಮೇಲೆ ಇಟ್ಟೆ.

ಹೊಗೆ ಏಳುವುದನ್ನು ನಿಲ್ಲಿಸಿತು.

ಗೇಣೆತ್ತರದಲ್ಲಿ, ನೆಲಕ್ಕೆ ಸಮವಾಗಿ, ಹಾಸಿದ ದುಪ್ಪಟಿಯಂತೆ ಹರಡಿ ನಿಂತಿತು. ಅಲುಗಲಿಲ್ಲ. ಅದರ ಕೆಳಗೆ ಕೆಂಡ ನನ್ನ ಕಣ್ಣೆದುರೇ ಕಪ್ಪಾಯಿತು. ಹೊರಗೆ ತೆಗೆದು ಊದಿದೆ. ಕೆಂಪಾಯಿತು. ಒಳಗಿಟ್ಟೆ. ಕಪ್ಪಾಯಿತು. ಮೂರನೆಯ ಸಲವೂ ಕಪ್ಪಾದಾಗ ಸೌಟನ್ನು ಅಲ್ಲೇ ಬಿಟ್ಟೆ. ಯಾರೋ ಒಳಗೆ ಕೂತು ಬೆರಳಿನಿಂದ ಒಂದೊಂದೇ ಕೆಂಡ ಆರಿಸುತ್ತಿದ್ದಾರೆ ಅನ್ನಿಸಿತು. ಚಿಲಕ ಹಾಕಿದೆ. ಒಂದು ನಿಂಬೆಹಣ್ಣು, ಏಳು ಮೆಣಸಿನಕಾಯಿ ಪೋಣಿಸಿ ಬಾಗಿಲಿಗೆ ಕಟ್ಟಿದೆ. ಹೌದು, ನಾನೇ ಕಟ್ಟಿದೆ.

ಉಳಿದ ಮೂರು ಕೋಳಿಗಳನ್ನು ಅಡುಗೆಮನೆಯಲ್ಲಿ ಬುಟ್ಟಿಯ ಕೆಳಗೆ ಮುಚ್ಚಿದೆವು. ಅವು ಸಾಯಲಿಲ್ಲ.

ನಮ್ಮನೆಯವರಿಗೆ ಸಿಟ್ಟು ಬಂತು. ಪೀಡೆ ಗೀಡೆ ಏನಿಲ್ಲ, ಬಂಡೆಯ ಕೆಳಗೆ ಹಾವಿದೆ, ಕಿತ್ತೇ ನೋಡುತ್ತೇನೆ ಎಂದರು. ಭಾನುವಾರ ಹನುಮಂತನನ್ನು ಕರೆಸಿದರು. ನಾನು ಇನ್ನೊಂದು ಕೆಲಸ ಮಾಡಿದೆ. ಅಂದು ಸಂತೆ ಇತ್ತು. ರೋಗದ ಕೋಳಿ ಕೊಟ್ಟಿದ್ದೀಯಾ, ಬಂದು ನೋಡು ಎಂದು ಖಾಸಿಂಬಿಗೆ ಹೇಳಿ ಕಳಿಸಿದೆ.

ಮಧ್ಯಾಹ್ನ ಹನ್ನೆರಡು. ಬೇವಿನ ಒಂದು ಎಲೆ ಅಲುಗುತ್ತಿರಲಿಲ್ಲ. ಗೂಡು ಕೆಡವಿದ್ದಾಗಿತ್ತು. ಹನುಮಂತ ಮತ್ತು ನಮ್ಮನೆಯವರು ಹಾರೆ ಹಾಕಿ ಬಂಡೆಯನ್ನು ಮೀಟಿ ಪಕ್ಕಕ್ಕೆ ಸರಿಸಿದರು. ಹಾವಿರಲಿಲ್ಲ. ದುಂಡನೆಯ ಒಂದು ಬಾಯಿ ಇತ್ತು. ಒಬ್ಬ ಮನುಷ್ಯ ಇಳಿಯುವಷ್ಟು ಅಗಲ. ಸುತ್ತ ಕಲ್ಲು ಕಟ್ಟಿದ್ದರು, ಕಾಲಿಡಲು ಗೂಡು ಬಿಟ್ಟಿದ್ದರು. ಕೆಳಗೆ ಕತ್ತಲೆ. ಹುಳಿ ಬಂದ ಹಿಟ್ಟಿನಂಥ ವಾಸನೆ ಮೂಗಿಗೆ ತಾಗಿತು.

"ಅರೆ, ಹಗೇವು ಐತಿ ಇದು!" ನಮ್ಮನೆಯವರಿಗೆ ಖುಷಿಯೋ ಖುಷಿ. ಹಗೇವು ಅಂದರೆ ಜೋಳ ತುಂಬಿಡಲು ನೆಲದಲ್ಲಿ ತೋಡಿದ ಗುಂಡಿ. ಇಬ್ಬರೂ ಪೇಟೆಯಲ್ಲಿ ಬೆಳೆದವರು. ಹೆಸರು ಕೇಳಿದ್ದೆವು, ಕಂಡಿರಲಿಲ್ಲ. "ಹಳೇ ಕಾಲದ್ದು ಏನರ ಇದ್ರ ಇರಬಹುದು. ಇಳಿದು ನೋಡೇ ಬಿಡ್ತೀನಿ, ಬ್ಯಾಟರಿ ತಾ."

ಬ್ಯಾಟರಿ ನಾನೇ ತಂದುಕೊಟ್ಟೆ. ಅವರು ಲುಂಗಿ ಎತ್ತಿ ಕಟ್ಟಿ, ಅಂಚಿನಲ್ಲಿ ಕೂತು, ಒಂದು ಕಾಲು ಒಳಗಿಟ್ಟರು. ಇನ್ನೊಂದು ಕಾಲನ್ನೂ ಇಟ್ಟರು. ನಾನು ಏನು ಹೇಳಿದೆ ಗೊತ್ತೇ? "ಹುಷಾರ್ರೀ, ಕಾಲು ಜಾರೀತು." ಅಷ್ಟೇ. ಗಂಡ ಸಾಯಲು ಇಳಿಯುವಾಗ ಹೆಂಡತಿ ಹೇಳಿದ ಮಾತು ಅದೊಂದೇ.

ಆಗ ಹಿತ್ತಲ ಬಾಗಿಲಿನಿಂದ ಖಾಸಿಂಬಿ ಬಂದಳು. ಜಗಳಕ್ಕೆ ತಯಾರಾಗಿಯೇ ಬಂದಿದ್ದಳು.

"ನನ್ನ ಕೋಳಿಗೆ ರೋಗಾ ಅಂದೀರಂತ? ಯಾವ ಬಾಯಿಲೆ..."

ಮಾತು ಅರ್ಧಕ್ಕೆ ನಿಂತಿತು. ಬುಟ್ಟಿ ಕೆಳಗೆ ಬಿತ್ತು. ಆ ವಯಸ್ಸಿನಲ್ಲಿ ಹಾಗೆ ಓಡಿದ್ದನ್ನು ನಾನು ಕಂಡಿಲ್ಲ. ನಮ್ಮನೆಯವರ ಅಂಗಿಯ ಕಾಲರ್ ಹಿಡಿದು ಹಿಂದಕ್ಕೆ ಎಳೆದಳು.

"ಸಾಹೇಬ್ರ, ಕಾಲು ತಗೀರಿ! ಮದ್ಲ ಕಾಲು ತಗೀರಿ!"

ಹನುಮಂತನೂ ಸೇರಿ ಎಳೆದ. ಅವರು ಹಿಂದಕ್ಕೆ ಬಿದ್ದರು. ಒಂದು ಚಪ್ಪಲಿ ಒಳಗೆ ಬಿತ್ತು. ಕೆಳಗೆಲ್ಲೋ ಕೆಸರಿನಲ್ಲಿ ಪಚಕ್ ಎಂದಿತು.

"ದೀಪ ಇಳಿಸೀರೇನು?" ಎಂದಳು ಖಾಸಿಂಬಿ. ಕಂದೀಲು ತಾ ಎಂದಳು. ಕರೆಂಟ್ ಹೋಗುವ ಊರಲ್ಲಿ ಕಂದೀಲಿಗೆ ಬರವೇ? ರಣರಣ ಬಿಸಿಲಿನಲ್ಲಿ ಕಂದೀಲು ಹಚ್ಚಿದೆ. ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ಅದಕ್ಕೆ ಕಟ್ಟಿ ಮೆಲ್ಲನೆ ಇಳಿಬಿಟ್ಟಳು. ಒಂದು ಮೊಳ. ಎರಡು ಮೊಳ. ಉರಿ ಸಣ್ಣದಾಯಿತು, ನೀಲಿಯಾಯಿತು, ಆರಿತು.

ಗಾಳಿ ಇಲ್ಲ. ಸದ್ದಿಲ್ಲ. ಸುಮ್ಮನೆ ಆರಿತು.

ಮೇಲೆತ್ತಿ ಮತ್ತೆ ಹಚ್ಚಿಸಿದಳು. ಮತ್ತೆ ಅಲ್ಲೇ ಆರಿತು. ಮೂರನೆಯ ಸಲ ಆರಿದಾಗ ಹಗ್ಗವನ್ನು ಬೆರಳಿನಿಂದ ಹಿಡಿದು ತೋರಿಸಿದಳು. ಮೂರು ಸಲವೂ ಒಂದೇ ಜಾಗ.

"ನೋಡ್ರಿ. ಇಲ್ಲೀತನಾ ಐತಿ ಅದು."

"ಏನು ಅದು?" ಎಂದರು ನಮ್ಮನೆಯವರು.

"ನನಗೇನು ಗೊತ್ತರಿ ಸಾಹೇಬ್ರ. ನಮ್ಮೂರಾಗ ಹಗೇವಿನ ಬಾಯಿ ತಗದ ದಿನಾ ಯಾರೂ ಇಳಿಯಂಗಿಲ್ಲ. ಹಂಗ ಬಿಡ್ತೀವಿ. ಮರುದಿನಾ ಮದ್ಲ ದೀಪ ಇಳಿತೈತಿ. ದೀಪ ಉರಕೋತ ವಾಪಸ್ ಬಂದ್ರ ಮನಿಷ್ಯಾ ಇಳಿತಾನ." ಹಗ್ಗ ಬಿಚ್ಚಿ ಕಂದೀಲು ಕೆಳಗಿಟ್ಟಳು. "ನಮ್ಮಣ್ಣ ದೀಪ ಇಳಿಸಲಿಲ್ಲ. ಅವನ್ನ ಎತ್ತಾಕ ಇಳಿದ ನಮ್ಮ ಮಾವನೂ ಬರಲಿಲ್ಲ. ಒಂದು ಕೂಗು ಸೈತ ಕೇಳಲಿಲ್ಲರಿ. ಮ್ಯಾಲೆ ಇದ್ದವರು ಒಳಗ ಕುಂತು ಜ್ವಾಳ ತುಂಬಾಕತ್ತ್ಯಾರ ಅಂದ್ಕೊಂಡಿದ್ರು."

ಒಳಗೆ ಅವರೂ ಕುಳಿತೇ ಇದ್ದರೇ? ಕೇಳಲು ನನಗೆ ಧೈರ್ಯ ಬರಲಿಲ್ಲ.

ಈಗ ನನ್ನನ್ನು ಬಯ್ಯಿರಿ. ಪ್ರತಿವರ್ಷ ಒಂಬತ್ತನೇ ಕ್ಲಾಸಿಗೆ ಈ ಪಾಠವನ್ನು ನಾನೇ ಮಾಡುತ್ತೇನೆ. ಗಾಜಿನ ಜಾಡಿಯ ತಳದಲ್ಲಿ ಮೇಣದಬತ್ತಿ ಹಚ್ಚಿಟ್ಟು, ಇನ್ನೊಂದು ಜಾಡಿಯಿಂದ ಕಣ್ಣಿಗೆ ಕಾಣದ ಅನಿಲವನ್ನು ನೀರಿನಂತೆ ಸುರಿಯುತ್ತೇನೆ. ಬತ್ತಿ ಆರುತ್ತದೆ. ಹುಡುಗಿಯರು ಚಪ್ಪಾಳೆ ತಟ್ಟುತ್ತಾರೆ. ಇಂಗಾಲದ ಡೈಆಕ್ಸೈಡ್, ಕಾಳು ಕೊಳೆತಲ್ಲೂ ಹುಟ್ಟುತ್ತದೆ, ಬಣ್ಣವಿಲ್ಲ, ಗಾಳಿಗಿಂತ ಭಾರ, ತಳದಲ್ಲಿ ನಿಲ್ಲುತ್ತದೆ, ಬರೆದುಕೊಳ್ಳಿ ಎನ್ನುತ್ತೇನೆ. ಅದೇ ಪಾಠ ನನ್ನ ಹಿತ್ತಲಿಗೇ ಬಂದು ಮೂರು ಕೋಳಿ ಕೊಂದು, ಮೂರು ಸಲ ಕೆಂಡ ಆರಿಸಿ ತೋರಿಸಿತು. ನಾನು ನಿಂಬೆಹಣ್ಣು ಕಟ್ಟಿದೆ. ಶಾಲೆಯಲ್ಲಿ ಕಲಿಸಿದ್ದನ್ನು ಮನೆಗೆ ತರಬಾರದು ಅಂತ ನಮಗೆ ಯಾರು ಆಣೆ ಹಾಕಿದ್ದಾರೋ ಕಾಣೆ.

ಹೊರಗಿನಿಂದ ಬರುವುದಕ್ಕೆಲ್ಲ ಹೆದರಿದೆ. ಬೆಕ್ಕು, ನಾಯಿ, ಹಾವು, ಕಳ್ಳ. ಒಂದೊಂದೇ ಕಿಂಡಿ ಹುಡುಕಿ ಮುಚ್ಚಿದೆ. ಬಂಡೆಯ ಬಿರುಕಿನಿಂದ ಏರಿದ ಅನಿಲಕ್ಕೆ ಹೊರದಾರಿಯೇ ಉಳಿಯಲಿಲ್ಲ. ಕೆಳಗೆ ಏನಿದೆ ಎಂದು ಕೇಳಲಿಲ್ಲ. ನೀವು ಮನೆ ನೋಡಲು ಹೋದಾಗ ಏನು ಕೇಳುತ್ತೀರಿ? ನೀರು ಬರುತ್ತದೆಯೇ, ಕರೆಂಟ್ ಇರುತ್ತದೆಯೇ, ಬಸ್‌ಸ್ಟ್ಯಾಂಡ್ ಎಷ್ಟು ದೂರ. ನೆಲದ ಕೆಳಗೆ ಏನಿದೆ ಎಂದು ಯಾರಾದರೂ ಕೇಳಿದ್ದುಂಟೇ?

ಗುಂಡಿಯ ಸುತ್ತ ಮುಳ್ಳು ಹಚ್ಚಿ ಎರಡು ದಿನ ಬಾಯಿ ತೆರೆದಿಟ್ಟು, ಆಮೇಲೆ ಬಂಡಿಗಟ್ಟಲೆ ಮಣ್ಣು ತುಂಬಿಸಿದೆವು. ಉಳಿದ ಮೂರು ಕೋಳಿ ಈಗ ಒಗೆಯುವ ಕಲ್ಲಿನ ಪಕ್ಕ ಬುಟ್ಟಿಯ ಕೆಳಗೆ ಮಲಗುತ್ತವೆ. ಕರೆಯುವ ಮೊದಲೇ ಬರುತ್ತವೆ. ನಮ್ಮನೆಯವರು ಈಗ ಬಾವಿ ಕಂಡರೂ ಎರಡು ಹೆಜ್ಜೆ ಹಿಂದೆ ನಿಲ್ಲುತ್ತಾರೆ. ನಾನು ಖಾಸಿಂಬಿಯ ಕೈ ಹಿಡಿದುಕೊಂಡು ಅತ್ತೆ. ಅವಳು ಮೊದಲು ಕೋಳಿಯ ಮಾತು ವಾಪಸ್ ತಗೋರಿ ಎಂದಳು. ತೆಗೆದುಕೊಂಡೆ.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಬಂಡೆ ಸರಿಸಿದ ಆ ಭಾನುವಾರ ಸಂಜೆಯೇ ಗಿರಿಜಮ್ಮನ ಮನೆಗೆ ಹೋಗಿ ಕೇಳಿದೆ. ಹಗೇವು ಇದೆ ಅಂತ ಹೇಳಬಾರದಿತ್ತೇ?

"ಮರತೇ ಹೋಗಿತ್ತರಿ ಟೀಚರ್ರ. ನಮ್ಮ ಮಾವನ ಕಾಲದ್ದು. ಕಾಲುವಿ ನೀರು ಬಂತು, ಜ್ವಾಳ ಹೋಗಿ ಭತ್ತಾ ಬಂತು. ನೆಲಾ ಒರತಿ ಹಿಡೀತು. ಹಗೇವಿನಾಗ ಏನು ಇಡ್ತೀರಿ? ತಳದಾಗಿದ್ದ ಜ್ವಾಳ ಅಲ್ಲೇ ಬಿಟ್ಟು ಮ್ಯಾಲೆ ಕಲ್ಲು ಮುಚ್ಚಿದ್ರು."

"ಅದೊಂದೇ ಇತ್ತೇನ್ರಿ?"

"ಒಂದಾ? ಈ ಸಾಲು ಪೂರಾ ಹಗೇವಿನ ಜಾಗಾರಿ. ಮುಚ್ಚಿ ಮ್ಯಾಲೆ ಮನಿ ಕಟ್ಟಿದ್ರು."

"ಎಷ್ಟಿದ್ವು? ಎಲ್ಲೆಲ್ಲಿ?"

"ಯಾರು ಎಣಿಸ್ಯಾರ?"

ಅವರ ಹಿಂದೆ ಬಾಣಂತಿ ಕೋಣೆಯ ಬಾಗಿಲಿತ್ತು. ಗಿರಿಜಮ್ಮನ ಮಗಳು ಹಡೆದು ಹತ್ತು ದಿನ. ಥಂಡಿ ಹತ್ತಬಾರದು ಅಂತ ಕಿಟಕಿಗೆ ಹಳೇ ಸೀರೆ ತುರುಕಿದ್ದರು. ಬಾಗಿಲ ಸಂದಿಗೆ ಗೋಣಿಚೀಲ ಹಾಸಿದ್ದರು. ಮಗಳು ಹೊರಸಿನ ಮೇಲೆ ಮಲಗಿದ್ದಳು. ತೊಟ್ಟಿಲು ನೆಲಕ್ಕೆ ಒಂದು ಗೇಣು ಮೇಲೆ ತೂಗುತ್ತಿತ್ತು.

"ಬ್ಯಾಸಿಗಿ ಅಂದ್ರೂ ಈ ಕೋಣಿ ಎಷ್ಟು ತಂಪ ನೋಡ್ರಿ" ಎಂದರು ಗಿರಿಜಮ್ಮ. ಹೆಮ್ಮೆಯಿಂದ.

ಕಿಟಕಿ ತೆಗೆಯಿರಿ ಎಂದು ಬೇಡಿಕೊಂಡೆ. ಬಾಣಂತಿಗೆ ಗಾಳಿ ಆಗದು ಎಂದರು. ದೀಪ ಹಚ್ಚಿ ನೆಲದ ಮೇಲಿಟ್ಟು ನೋಡೋಣ, ಉರಿದರೆ ಚಿಂತೆಯಿಲ್ಲ ಎಂದೆ. ಅವರ ಮುಖ ಕೆಂಪಾಯಿತು.

"ಹತ್ತು ದಿನದ ಕೂಸಿನ ಮುಂದ ದೀಪ ಆರ್ತೈತೇನು ನೋಡಂತೀರಲ್ಲ! ಬಾಯಾಗ ಒಳ್ಳೇ ಮಾತು ಬರ್ಲಿ."

ಅಂದಿನಿಂದ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅಲ್ಲಿಗೆ ಹೋಗುತ್ತೇನೆ. ಕೂಸು ನೋಡುವ ನೆಪ. ಬರುವಾಗ ಬಾಗಿಲು ಹಾಕಲು ಮರೆಯುತ್ತೇನೆ. ನಾನು ಮೆಟ್ಟಿಲಿಳಿಯುವುದರೊಳಗೆ ಅದು ಮುಚ್ಚಿಕೊಳ್ಳುತ್ತದೆ. ನಿನ್ನೆ ಗಿರಿಜಮ್ಮ ನೀರು ಕಾಯಿಸಲು ಹೋದಾಗ, ಕೂಸು ತಾಯಿಯ ಮಡಿಲಲ್ಲಿದ್ದಾಗ, ತೊಟ್ಟಿಲ ಹಗ್ಗವನ್ನು ಮೊಳದಷ್ಟು ಮೇಲೆ ಕಟ್ಟಿ ಬಂದೆ. ಇವತ್ತು ಮತ್ತೆ ಕೆಳಗಿತ್ತು. ಕೂಸು ಬಹಳ ಶಾಂತ ಅಂತೆ. ಅಳುವುದೇ ಇಲ್ಲವಂತೆ.

ಇವತ್ತು ಕೈ ಮುಗಿದು ಕೇಳಿದೆ. ಗಿರಿಜಮ್ಮ ನಕ್ಕರು.

"ಟೀಚರ್ರ, ಹಂಗೇನರ ಇದ್ರ ನಮ್ಮನ್ಯಾಗೂ ಕೋಳಿ ಸಾಯಬೇಕಿತ್ತಲ್ಲ? ಒಂದರ ಸತ್ತೈತೇನು?"

ಅವರ ಮನೆಯಲ್ಲಿ ಕೋಳಿಯೇ ಇಲ್ಲ.